ಮೊದಲು ಏನು ಕೇಳುತ್ತೀರಿ

ಕೊಮೊದೊರೊ ರಿವಾದಾವಿಯಾ
9 ಸೆಪ್ಟೆಂಬರ್ 1991

ಅಕ್ಕ,

ಗಾಳಿ ಪಶ್ಚಿಮದಿಂದ, ಜೋರು. ಕೆಲಸಕ್ಕೆ ರಜೆ ಹಾಕಿ ಎರಡು ತಿಂಗಳಾದರೂ ಈ ಅಭ್ಯಾಸ ಹೋಗಿಲ್ಲ. ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿ ದಿನದ ಮೊದಲ ಸಾಲು ಅದೇ ತಾನೆ.

ಲುಸಿಲಾ ಚೆನ್ನಾಗಿದ್ದಾಳೆ. ತೂಕ ಏರುತ್ತಿದೆ. ಎಲ್ಲರೂ ಅವಳನ್ನು ನೋಡಲು ಬರುತ್ತಾರೆ, ನೋಡಿ, ನನ್ನ ಕೈಯಲ್ಲೇ ಕಾಫಿ ಮಾಡಿಸಿಕೊಂಡು ಕುಡಿದು ಹೋಗುತ್ತಾರೆ. ಓಸ್ವಾಲ್ಡೊ ಎರಡು ವಾರ ಎಣ್ಣೆ ಬಾವಿಯಲ್ಲಿ, ಒಂದು ವಾರ ಮನೆಯಲ್ಲಿ. ಮನೆಯಲ್ಲಿದ್ದ ವಾರ ಮಲಗುತ್ತಾನೆ. ನಾನು ಮಲಗುವುದಿಲ್ಲ. ಮಗು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ.

ನಿನಗೊಂದು ಕೆಲಸ. ನನಗೆ ಮಾತಾಡಲು ಒಬ್ಬರು ಬೇಕು. ನಿಮ್ಮೂರಲ್ಲಿ ಹಲ್ಲಿನ ಡಾಕ್ಟರಿಲ್ಲದವರು ಇರಬಹುದು, ಮನಸ್ಸಿನ ಡಾಕ್ಟರಿಲ್ಲದವರು ಯಾರೂ ಇಲ್ಲ. ನೀನೇ ಹದಿನಾಲ್ಕು ವರ್ಷದಿಂದ ವಾರಕ್ಕೆ ಮೂರು ಸಲ ಹೋಗಿ ಆ ಸೋಫಾದ ಮೇಲೆ ಮಲಗಿ ಬರುತ್ತೀಯ. ಯಾರನ್ನಾದರೂ ಕೇಳಿ ಇಲ್ಲಿ ಒಬ್ಬರ ಹೆಸರು ಹುಡುಕಿಕೊಡು. ಹೆಂಗಸೇ ಆಗಿರಬೇಕು. ಹೆತ್ತವಳಾದರೆ ಒಳ್ಳೆಯದು, ಇಲ್ಲದಿದ್ದರೆ ಹೆತ್ತ ಹೆಂಗಸರನ್ನು ನೋಡಿ ಗೊತ್ತಿದ್ದವಳಾದರೂ ಆಗಬೇಕು. ಇದನ್ನು ಸುಮ್ಮನೆ ಹೇಳುತ್ತಿಲ್ಲ.

ಫೋನ್ ಮಾಡಬೇಡ. ಫೋನ್ ಇರುವುದು ಇದೇ ಅಂಗಳದಲ್ಲಿ ಅತ್ತೆ ಇರುವ ಮುಂದಿನ ಮನೆಯ ಹಜಾರದಲ್ಲಿ, ಅದರ ಪಕ್ಕದಲ್ಲೇ ಅವರ ಕುರ್ಚಿ. ಮೊನ್ನೆ ಅವರನ್ನೇ ಕೇಳಿದೆ, "ಹೆತ್ತ ಮೇಲೆ ನಿಮಗೂ ಹೀಗೆಲ್ಲ ಆಗಿತ್ತಾ?" ಅಂತ.

"ಹೀಗೆಲ್ಲ ಅಂದ್ರೆ?" ಅಂದರು ದೋನ್ಯಾ ಎರ್ಮಿನಿಯಾ.

ನಾನು ಮಗುವಿನ ಕಂಬಳಿ ಮಡಿಸತೊಡಗಿದೆ.

"ಐದು ಹೆತ್ತೆ ಕಣಮ್ಮ. ಹೀಗೆ ಹಾಗೆ ಅನ್ನೋಕೆ ಪುರುಸೊತ್ತು ಎಲ್ಲಿತ್ತು?"

ಬೇಗ ಬರಿ.

ಮಿರ್ತಾ


ಬ್ಯುನೊಸ್ ಐರಿಸ್
18 ಸೆಪ್ಟೆಂಬರ್ 1991

ಮಿರ್ತಾ ಮರಿ,

ನಿನ್ನ ಪತ್ರ ಓದಿ ನಿಜ ಹೇಳಬೇಕೆಂದರೆ ಸಂತೋಷವಾಯಿತು. ನಮ್ಮ ಮನೆಯಲ್ಲಿ ನಾನೊಬ್ಬಳೇ ಅಲ್ಲ ಅಂತಾಯಿತಲ್ಲ. ಅಪ್ಪ ಇದ್ದಿದ್ದರೆ "ಇನ್ನೊಬ್ಬಳೂ ಹೋದಳು" ಅನ್ನುತ್ತಿದ್ದರು.

ಮಾರನೆಯ ದಿನವೇ ನನ್ನ ಡಾಕ್ಟರ್ ಲಾರ್ಗಿಯಾ ಅವರನ್ನು ಕೇಳಿದೆ. ನಿನ್ನ ಅದೃಷ್ಟ ನೋಡು, ಅವರ ಶಿಷ್ಯನೊಬ್ಬ ನಿಮ್ಮೂರಿನಲ್ಲೇ ಇದ್ದಾನಂತೆ. ಬೆರೋನ್ ಅಂತ. ಚಿನ್ನದಂಥ ಹುಡುಗ ಅಂದರು. ಪ್ರತಿ ಗುರುವಾರ ತನ್ನ ರೋಗಿಗಳ ವಿಷಯವನ್ನು ಫೋನಿನಲ್ಲಿ ಇವರ ಜೊತೆ ಚರ್ಚಿಸುತ್ತಾನಂತೆ. ಅಂದರೆ ಒಂದು ಲೆಕ್ಕದಲ್ಲಿ ನಿನಗೆ ಸಿಗುತ್ತಿರುವುದು ಇವರೇ. ಇವರ ಹತ್ತಿರ ಹೋಗಲು ಜನ ವರ್ಷಗಟ್ಟಲೆ ಕಾಯುತ್ತಾರೆ ಕಣೇ, ಖುಷಿಪಡು.

ಹೆಂಗಸೇ ಬೇಕು ಎಂದು ನೀನು ಬರೆದದ್ದನ್ನೂ ಹೇಳಿದೆ. "ಅಮ್ಮನನ್ನು ಹುಡುಕ್ತಿದ್ದಾಳೆ" ಅಂದರು. ನನಗೆ ಅಳು ಬಂತು. ಮನಸ್ಸಿನ ತಳದಲ್ಲಿ ಗಂಡು ಹೆಣ್ಣು ಅಂತೇನೂ ಇಲ್ಲವಂತೆ, ಅಲ್ಲಿಗೆ ಇಳಿಸಬಲ್ಲವರು ಯಾರಾದರೂ ಆದೀತು.

ನಿದ್ದೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಎರಡು ತಿಂಗಳ ಕೂಸಿರುವ ಮನೆಯಲ್ಲಿ ಯಾರು ಮಲಗುತ್ತಾರೆ? ಹಳದಿ ಸ್ವೆಟರ್ ಹೆಣೆದು ಕಳಿಸಿದ್ದೇನೆ. ನಮ್ಮ ಶಾಲೆಯಲ್ಲಿ ಪರೀಕ್ಷೆ ಶುರು, ಭೂಗೋಳದ ಉತ್ತರ ಪತ್ರಿಕೆಗಳಲ್ಲಿ ನಿಮ್ಮ ಊರನ್ನು ಅರ್ಧ ಜನ ಚಿಲಿಯಲ್ಲಿಟ್ಟಿದ್ದಾರೆ.

ನಿನ್ನ ಆಲ್ಸಿರಾ


ಕೊಮೊದೊರೊ ರಿವಾದಾವಿಯಾ
2 ಅಕ್ಟೋಬರ್ 1991

ಅಕ್ಕ,

ಪಶ್ಚಿಮದಿಂದಲೇ, ನಿನ್ನೆಗಿಂತ ಜೋರು. ಸ್ವೆಟರ್ ಸಿಕ್ಕಿತು. ತೋಳು ಉದ್ದ. ಬೆಳೆಯುತ್ತಾಳೆ.

ನಿನ್ನ ಚಿನ್ನದಂಥ ಹುಡುಗನನ್ನು ನೋಡಿಬಂದೆ. ಗಡ್ಡ ಬಿಟ್ಟಿದ್ದಾನೆ, ವಯಸ್ಸಾದವನ ಹಾಗೆ ಕಾಣಲಿ ಅಂತಿರಬೇಕು. ಲುಸಿಲಾಳನ್ನು ಎತ್ತಿಕೊಂಡು ಹೋಗಿದ್ದೆ. "ಮಗು ಒಳಗೆ ಬೇಡ, ಇದು ನಿಮ್ಮ ಜಾಗ" ಅಂದ. ಹೊರಗೆ ಕೂತಿದ್ದ ಅವನ ಸಹಾಯಕಿಯ ಕೈಗೆ ಕೊಟ್ಟೆ. "ಮಲಗಿ" ಅಂದ. ಮಲಗಿದೆ. ನನ್ನ ತಲೆಯ ಹಿಂದೆ ಕುರ್ಚಿ ಹಾಕಿಕೊಂಡು ಕೂತ. ಆಮೇಲೆ ಮಾತಿಲ್ಲ.

ನನ್ನ ಪರಿಸ್ಥಿತಿ ನೀನೇ ಯೋಚಿಸು. ಮೆತ್ತನೆಯ ಸೋಫಾ, ಮುಚ್ಚಿದ ಬಾಗಿಲು, ಮಗು ಬೇರೆಯವರ ಕೈಯಲ್ಲಿ, ಯಾರೂ ಏನೂ ಕೇಳುತ್ತಿಲ್ಲ. ನಿದ್ದೆಹೋದೆ. ಅವಳು ಹುಟ್ಟಿದ ಮೇಲೆ ಅಂಥ ನಿದ್ದೆ ಮಾಡಿರಲಿಲ್ಲ. ಅವನು ಹೆಗಲು ತಟ್ಟಿ ಎಬ್ಬಿಸಿದ.

"ಸಮಯ ಆಯ್ತು. ನೀವು ಓಡಿಹೋದಿರಿ."

"ಇಲ್ಲೇ ಇದ್ದೆನಲ್ಲ."

"ನಿದ್ದೆಯೊಳಕ್ಕೆ ಓಡಿದಿರಿ. ಯಾವುದರಿಂದ ಓಡಿದಿರಿ ಅನ್ನೋದನ್ನ ಮುಂದಿನ ಸಲ ನೋಡೋಣ."

"ಎಚ್ಚರದಿಂದ ಓಡಿದೆ, ಡಾಕ್ಟ್ರೇ."

ನಗಲಿಲ್ಲ. ಬರೆದುಕೊಂಡ.

ಎರಡನೆಯ ಸಲ ಅಮ್ಮನ ಬಗ್ಗೆ ಕೇಳಿದ. ನಾನು ಚಿಕ್ಕವಳಿದ್ದಾಗಲೇ ಹೋದಳು ಎಂದೆ. ಅವನ ಕುರ್ಚಿ ಕಿರುಗುಟ್ಟಿದ ಸದ್ದು ಕೇಳಿಸಿತು, ಮುಂದಕ್ಕೆ ಬಾಗಿದ ಅಂತ ಕಾಣುತ್ತದೆ. ಅಷ್ಟರಲ್ಲಿ ಹೊರಗೆ ಲುಸಿಲಾ ಅತ್ತಳು. ನನ್ನ ಅಂಗಿ ಹಾಲಿನಲ್ಲಿ ಒದ್ದೆಯಾಯಿತು. ಎದ್ದೆ.

"ಅಳು ಕೇಳಿದ ತಕ್ಷಣ ಏಳಲೇಬೇಕು ಅಂತ ಯಾರು ಹೇಳ್ತಿದ್ದಾರೆ ನಿಮಗೆ?"

"ಎದೆ ಹೇಳ್ತಿದೆ."

ಅದನ್ನೂ ಬರೆದುಕೊಂಡ.

ನಮ್ಮ ಕಚೇರಿಯಲ್ಲಿ ಗಾಳಿ ಎಷ್ಟಿದೆ ಎಂದು ತಿಳಿಯಬೇಕಾದರೆ ಮಾಪಕ ನೋಡುತ್ತೇವೆ. ಗಾಳಿಯ ತಾಯಿ ಯಾರು ಎಂದು ಕೇಳುವುದಿಲ್ಲ.

ಬೇರೆಯವರನ್ನು ಹುಡುಕು. ಹೆಂಗಸು ಅಂದಿದ್ದೆ. ಮತ್ತೆ ಅದನ್ನೇ ಹೇಳುತ್ತಿದ್ದೇನೆ.

ಮಿರ್ತಾ


ಬ್ಯುನೊಸ್ ಐರಿಸ್
11 ಅಕ್ಟೋಬರ್ 1991

ಮಿರ್ತಾ ಮರಿ,

ಪತ್ರ ಓದಿ ಶಾಲೆಯ ಸ್ಟಾಫ್ ರೂಮಿನಲ್ಲಿ ಜೋರಾಗಿ ನಕ್ಕುಬಿಟ್ಟೆ. ಆದರೆ ಒಂದು ಮಾತು ಹೇಳಲಾ? ನಗಿಸುವುದೂ ಬಾಗಿಲು ಹಾಕಿಕೊಳ್ಳುವ ಒಂದು ರೀತಿ. ನಿನಗೆ ಚಿಕ್ಕಂದಿನಿಂದಲೂ ಅದು ಗೊತ್ತು.

ನಾನೂ ಮೊದಲ ವರ್ಷವೆಲ್ಲ ಸಿಟ್ಟಿನಲ್ಲಿ ಬೆಂದಿದ್ದೆ. ಸಿಟ್ಟು ಬಂತೆಂದರೆ ಚಿಕಿತ್ಸೆ ನಾಟುತ್ತಿದೆ ಎಂದು ಅರ್ಥ. ಈಗ ಬಿಟ್ಟು ಬೇರೆಯವರ ಹತ್ತಿರ ಹೋದರೆ, ನೋಯುವ ಜಾಗಕ್ಕೆ ಕೈ ಹೋಗುವ ಹೊತ್ತಿಗೆ ಎದ್ದು ಓಡಿದಂತೆ. ಇದು ಡಾಕ್ಟರ್ ಲಾರ್ಗಿಯಾ ಹೇಳಿದ್ದಲ್ಲ, ನಾನು ಹೇಳುತ್ತಿರುವುದು. ಸರಿ, ಅವರೂ ಹೇಳಿದರು. ಬೆರೋನ್‌ಗೆ ಸ್ವಲ್ಪ ಕಾಲ ಕೊಡು.

ಇನ್ನೊಂದು ಮಾತು. ನಿನಗೆ ಗಂಡ ಇದ್ದಾನೆ, ಕೈಯಲ್ಲಿ ಕೂಸಿದೆ. ಕೇಳಿದವರಿಗೆಲ್ಲ ಅದು ಸಿಗುವುದಿಲ್ಲ. ಕಷ್ಟವೆನ್ನಿಸಿದಾಗ ಅದನ್ನು ಸ್ವಲ್ಪ ನೆನೆಸಿಕೊ.

ಆಲ್ಸಿರಾ


ಕೊಮೊದೊರೊ ರಿವಾದಾವಿಯಾ
22 ಅಕ್ಟೋಬರ್ 1991

ಅಕ್ಕ,

ಗಾಳಿ ನೋಡಲಿಲ್ಲ.

ಇದನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ. ಬೆರೋನ್‌ಗೆ ಹೇಳಿಲ್ಲ, ಹೇಳುವುದೂ ಇಲ್ಲ. ನೀನು ಹೇಳಿದೆ ಅಂತ ಹೋಗುತ್ತಿದ್ದೇನೆ, ಅಷ್ಟೇ.

ಓಸ್ವಾಲ್ಡೊ ಬಾವಿಗೆ ಹೋದ ಮಾರನೆಯ ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತಿದ್ದೆ. ಲುಸಿಲಾ ತೋಳಲ್ಲಿದ್ದಳು. ಕಣ್ಣ ಮುಂದೆ ಒಂದು ಚಿತ್ರ ಬಂತು. ನಾನು ಕರೆದದ್ದಲ್ಲ, ತಾನಾಗಿ ಬಂತು. ಅದರಲ್ಲಿ ಇದ್ದದ್ದು ನನ್ನವೇ ಕೈಗಳು. ಏನೆಂದು ಬರೆಯಲಾರೆ. ಅವಳನ್ನು ಮಲಗುವ ಕೋಣೆಗೆ ಒಯ್ದು, ನೆಲದ ಮೇಲೆ ಕಂಬಳಿ ಹಾಸಿ, ಹಿಟ್ಟಿನ ಮೂಟೆ ಇಳಿಸಿದ ಹಾಗೆ ಇಳಿಸಿ ಹೊರಗೆ ಬಂದೆ. ಬೀಗ ಹಾಕಿ, ಬೀಗದ ಕೈ ಜೇಬಿಗಿಟ್ಟುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಅವಳು ಅತ್ತಳು. ನಾನೂ ಅತ್ತೆ. ನನ್ನಿಂದ ಅವಳನ್ನು ಕಾಪಾಡಲು ಆ ಮನೆಯಲ್ಲಿ ಇದ್ದದ್ದು ಆ ಬಾಗಿಲೊಂದೇ.

ಅಂದಿನಿಂದ ದಿನವೂ ಹಾಗೆಯೇ. ಒಳಗೆ ಹೋಗಿ ಹಾಲು ಕೊಡುತ್ತೇನೆ, ಕೊಟ್ಟು ಓಡಿ ಬರುತ್ತೇನೆ. ಚಾಕುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಹಿತ್ತಲಿನ ಕೊಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೇನೆ. ಬ್ರೆಡ್ಡನ್ನು ಕೈಯಲ್ಲಿ ಮುರಿದು ತಿನ್ನುತ್ತೇನೆ. ಅತ್ತೆ "ಚಾಕು ಎಲ್ಲಮ್ಮಾ?" ಅಂದರು. ಸಾಣೆಗೆ ಕೊಟ್ಟಿದ್ದೇನೆ ಎಂದೆ.

ಅವಳಿಗೆ ಏನೂ ಮಾಡಿಲ್ಲ. ಮಾಡುವುದಿಲ್ಲ ಅಂತಲೂ ಅಂದುಕೊಳ್ಳುತ್ತೇನೆ. ಆದರೆ ಅದನ್ನು ನನಗೆ ಖಾತ್ರಿಯಾಗಿ ಯಾರು ಹೇಳುತ್ತಾರೆ? ಇದು ಹುಚ್ಚಾ? ಬೇರೆ ಹೆಂಗಸರಿಗೂ ಬರುತ್ತದಾ? ಒಬ್ಬ ಹೆಂಗಸನ್ನು ಹುಡುಕಿ ಇದನ್ನು ಕೇಳು. ನಿನ್ನ ಡಾಕ್ಟರನ್ನಲ್ಲ. ಹೆಂಗಸನ್ನು.

ಓದಿದ ಕೂಡಲೇ ಬರಿ.

ಮಿರ್ತಾ


ಕೊಮೊದೊರೊ ರಿವಾದಾವಿಯಾ
14 ನವೆಂಬರ್ 1991

ಅಕ್ಕ,

ಪತ್ರ ಸಿಕ್ಕಿತೋ ಇಲ್ಲವೋ? ಅಂಚೆಯವನು ನನ್ನನ್ನು ಕಂಡರೆ ದೂರದಿಂದಲೇ ತಲೆಯಾಡಿಸಿ ಹೋಗುತ್ತಾನೆ. ಸಿಕ್ಕಿಲ್ಲದಿದ್ದರೆ ಹೇಳು, ಮತ್ತೆ ಬರೆಯುವ ಧೈರ್ಯ ಮಾಡುತ್ತೇನೆ. ಸಿಕ್ಕಿದ್ದರೆ, ಸಿಕ್ಕಿದೆ ಎಂದಾದರೂ ಬರಿ. ಖಾಲಿ ಕಾಗದವನ್ನೇ ಮಡಿಸಿ ಹಾಕು, ಸಾಕು.

ಮಿರ್ತಾ


ಕೊಮೊದೊರೊ ರಿವಾದಾವಿಯಾ
29 ನವೆಂಬರ್ 1991

ಆಲ್ಸಿರಾ,

ಪತ್ರ ನಿನಗೆ ಸಿಕ್ಕಿದೆ. ನನಗೆ ಹೇಗೆ ಗೊತ್ತಾಯಿತು ಹೇಳುತ್ತೇನೆ, ಕೇಳು.

ಹೋದ ವಾರ ಬೆರೋನ್‌ನ ಸೋಫಾದ ಮೇಲೆ ಮಲಗಿ ಏನೋ ಹಾಳುಮೂಳು ಹೇಳುತ್ತಿದ್ದೆ, ಅತ್ತೆಯ ಸೊಂಟನೋವಿನ ಬಗ್ಗೆ. ತಲೆಯ ಹಿಂದಿನಿಂದ ಅವನ ದನಿ ಬಂತು.

"ಮಗುವನ್ನ ಹಿಟ್ಟಿನ ಮೂಟೆ ಅಂತ ಅಂದುಕೊಳ್ಳೋದು, ಅದನ್ನ ಯೋಚಿಸಿದ್ದೀರಾ?"

ಎದ್ದು ಕೂತೆ. ತಿರುಗಿದೆ. "ಏನಂದ್ರಿ?"

"ಬೀಗದ ಕೈ ಈಗಲೂ ಜೇಬಲ್ಲೇ ಇದೆಯಾ?"

"ಯಾರು ಹೇಳಿದ್ದು ನಿಮಗೆ?"

"ಯಾರು ಹೇಳಿದ್ರು ಅನ್ನೋದು ಮುಖ್ಯ ಅಲ್ಲ. ನೀವ್ಯಾಕೆ ಹೇಳಲಿಲ್ಲ ಅನ್ನೋದು ಮುಖ್ಯ."

ಮುಖ್ಯ ಅಲ್ಲವಂತೆ. ನನ್ನ ಮಾತು ಇಲ್ಲಿಂದ ಅಂಚೆಯಲ್ಲಿ ನಿನ್ನ ಕೈಗೆ ಬಂತು. ನಿನ್ನ ಬಾಯಿಂದ ನಿನ್ನ ಡಾಕ್ಟರ ಕಿವಿಗೆ. ಅಲ್ಲಿಂದ ಗುರುವಾರದ ಫೋನಿನಲ್ಲಿ ಈ ಗಡ್ಡದವನಿಗೆ. ದೇಶವೆಲ್ಲ ಸುತ್ತಿಕೊಂಡು ಬಂದು ನನ್ನ ತಲೆಯ ಹಿಂದೆಯೇ ಬಿತ್ತು. ನಿನಗೊಬ್ಬಳಿಗೇ ಎಂದು ಬರೆದಿದ್ದೆ. ಹೆಂಗಸನ್ನು ಕೇಳು ಎಂದು ಬರೆದಿದ್ದೆ. ನಿನ್ನ ಡಾಕ್ಟರನ್ನಲ್ಲ ಎಂದು ಬರೆದಿದ್ದೆ. ನಿನಗೆ ಓದಲು ಬರುವುದಿಲ್ಲವಾ?

ಅದೂ ಅಲ್ಲಿಗೆ ನಿಲ್ಲಲಿಲ್ಲ. ಮಗುವಿನ ಕ್ಷೇಮಕ್ಕಾಗಿ ಎಂದು ಬೆರೋನ್ ನಮ್ಮ ಮನೆಗೆ ಫೋನ್ ಮಾಡಿದ. ಯಾವ ಫೋನ್? ಹಜಾರದ್ದು. ಎತ್ತಿದವರು ಯಾರು? ಓಸ್ವಾಲ್ಡೊ ಬಾವಿಯಿಂದ ಓಡಿಬಂದ.

"ಚಾಕು ಎಲ್ಲಿ?" ಅಂದ.

"ಬಚ್ಚಿಟ್ಟಿದ್ದೇನೆ."

"ಯಾಕೆ?"

"ನನ್ನ ಕೈಗೆ ಸಿಗಬಾರದು ಅಂತ."

ಅವನ ಮುಖ ನೋಡಬೇಕಿತ್ತು ನೀನು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನು ನನ್ನನ್ನು ನೋಡಿ ಹೆದರಿದ್ದು ಅದೇ ಮೊದಲು. ಲುಸಿಲಾ ಈಗ ಮುಂದಿನ ಮನೆಯಲ್ಲಿದ್ದಾಳೆ. ಡಬ್ಬಿ ಹಾಲು. ನಾನು ಹೋಗಿ ನೋಡಬಹುದು, ಅತ್ತೆ ಎದುರಿಗೆ ಕೂತಿದ್ದರೆ. "ನಮಗೇನು ಗೊತ್ತು ಕಣಮ್ಮ, ಡಾಕ್ಟ್ರೇ ಹೇಳಿದ ಮೇಲೆ" ಅನ್ನುತ್ತಾರೆ. ಗೋಡೆಯಾಚೆಯಿಂದ ಅವಳ ಅಳು ಕೇಳಿದರೆ ನನ್ನ ಎದೆ ಕಲ್ಲಾಗಿ ನೋಯುತ್ತದೆ. ಹಾಲು ಹಿಂಡಿ ಬಚ್ಚಲಿಗೆ ಚೆಲ್ಲುತ್ತೇನೆ.

ಇಷ್ಟೆಲ್ಲ ಆದರೂ ಬೆರೋನ್ ನೇರವಾಗಿ ಒಂದು ಮಾತು ಕೇಳಲಿಲ್ಲ. ನಿಮಗೆ ಕಾಣಿಸುವುದೇನು, ಎಷ್ಟು ಹೆದರಿಕೆಯಾಗುತ್ತದೆ, ಕೊನೆಯ ಸಲ ಮಲಗಿದ್ದು ಯಾವಾಗ. ಯಾರೂ ಕೇಳಲಿಲ್ಲ. ನೀನೂ ಕೇಳಲಿಲ್ಲ.

ಮಿರ್ತಾ


ಬ್ಯುನೊಸ್ ಐರಿಸ್
7 ಡಿಸೆಂಬರ್ 1991

ಮಿರ್ತಾ,

ಸಿಟ್ಟು ನಿನಗೊಬ್ಬಳಿಗೇ ಬರುತ್ತದೆ ಅಂದುಕೊಳ್ಳಬೇಡ.

ಆ ಪತ್ರ ಓದಿದ ಕೂಡಲೇ ಚೀಲಕ್ಕೆ ಹಾಕಿಕೊಂಡು ಹೊರಟೆ ಕಣೇ. ನಾನು ಯಾರ ಹತ್ತಿರ ಹೋಗಲಿ? ಅಮ್ಮ ಇಲ್ಲ, ಅಪ್ಪ ಇಲ್ಲ. ನನಗೇನೇ ಆದರೂ ಹದಿನಾಲ್ಕು ವರ್ಷದಿಂದ ಹೊತ್ತುಕೊಂಡು ಹೋಗಿರುವುದು ಆ ಕೋಣೆಗೇ. ಇದನ್ನೂ ಒಯ್ದೆ. ಓದಿ ಹೇಳಿದೆ. ನಿನಗೆ ದ್ರೋಹ ಮಾಡಬೇಕೆಂದು ಅಲ್ಲ, ಭಯಕ್ಕೆ.

ಅವರು ಪೂರ್ತಿ ಕೇಳಿಸಿಕೊಂಡು ಹೇಳಿದರು, ಈ ಪತ್ರದಲ್ಲಿರುವುದು ಮಗುವಿನ ವಿಷಯವಲ್ಲ, ನಿಮ್ಮ ವಿಷಯ ಎಂದು. ನಿಮಗೆ ಯಾವುದು ಸಿಗಲಿಲ್ಲವೋ ಅದನ್ನು ತಂಗಿ ನಿಮ್ಮ ಮುಂದೆ ನೆಲಕ್ಕೆ ಹಾಕಿ ತೋರಿಸುತ್ತಿದ್ದಾಳೆ ಎಂದು. ಉತ್ತರ ಬರೆಯಬೇಡಿ, ಮೌನವೇ ಉತ್ತರ ಎಂದರು. ನಿನಗೆ ಬರೆದಿದ್ದ ಕಾಗದವನ್ನು ಹರಿದುಹಾಕಿದೆ. ಎರಡನೆಯ ಸಲ ಬರೆದದ್ದನ್ನೂ. ನಾನು ಸುಮ್ಮನೆ ಕೂತಿದ್ದೆ ಅಂದುಕೊಂಡೆಯಾ?

ಅವರು ಬೆರೋನ್‌ಗೆ ಹೇಳುತ್ತಾರೆ ಎಂದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು.

ಬಹುಶಃ ಸದ್ಯಕ್ಕೆ ಮಗು ಅತ್ತೆಯ ಹತ್ತಿರ ಇರುವುದೇ ಒಳ್ಳೆಯದೇನೋ. ನಿನಗೂ ವಿಶ್ರಾಂತಿ.

ಆಲ್ಸಿರಾ


ಕೊಮೊದೊರೊ ರಿವಾದಾವಿಯಾ
13 ಡಿಸೆಂಬರ್ 1991

ಆಲ್ಸಿರಾ,

ವಿಶ್ರಾಂತಿ. ಆ ಪದವನ್ನು ಇನ್ನೊಮ್ಮೆ ನನಗೆ ಬರೆದರೆ ನಿನ್ನ ಪತ್ರ ಒಡೆಯುವುದಿಲ್ಲ.

ಮೌನವೇ ಉತ್ತರವಂತೆ. ಮನೆಗೆ ಬೆಂಕಿ ಬಿದ್ದಿದೆ ಅಂತ ಕೂಗಿದವಳ ಮುಂದೆ ಬಾಯಿಗೆ ಬೆರಳಿಟ್ಟು ಕೂತವರನ್ನು ಡಾಕ್ಟರ್ ಅನ್ನುತ್ತಾರಾ ನಿಮ್ಮೂರಲ್ಲಿ? ಅವರು ಹೇಳಿದರು ಎಂದು ನೀನೂ ಕೂತೆ. ಅವರು ಉಸಿರಾಡಬೇಡಿ ಅಂದರೆ?

ನಿನಗೆ ಮಗು ಬೇಕಿತ್ತು ಎಂದು ನನಗೆ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಅವರಿಗೆ ಹೇಳಿದ್ದೀಯ. ನನಗೆ ಒಂದು ಸಲ ಹೇಳಲಿಲ್ಲ.

ಈಗ ವಿಷಯಕ್ಕೆ ಬಾ. ಹೊಸ ವರ್ಷ ಕಳೆದ ಮೇಲೆ ಲುಸಿಲಾಳನ್ನು ಸಾಂತಾ ರೋಸಾದಲ್ಲಿರುವ ನಾದಿನಿಯ ಮನೆಗೆ ಕಳಿಸುವ ಮಾತು ನಡೆದಿದೆ. ಅಲ್ಲಿಗೆ ಹೋದರೆ ನನಗೆ ಅವಳು ರಜೆಗೆ ನೋಡುವ ಮಗು. "ಬೇರೆ ಡಾಕ್ಟರು ಯಾರಾದ್ರೂ ನಿನ್ನನ್ನ ನೋಡಿ ಭಯ ಇಲ್ಲ ಅಂದ್ರೆ ಕೇಳ್ತೀನಿ. ಈ ಬೆರೋನ್ ಹೇಳಿದ್ದು ಸಾಕು" ಅಂದಿದ್ದಾನೆ ಓಸ್ವಾಲ್ಡೊ. ಅವನು ಕೆಟ್ಟವನಲ್ಲ. ಅವನಿಗೆ ಯಾರಾದರೂ ಹೇಳಬೇಕು, ಯಾವುದಾದರೂ ಸರಿ. ನಿನ್ನ ಹಾಗೆಯೇ.

ಸೆಪ್ಟೆಂಬರಿನಲ್ಲಿ ನಿನಗೊಂದು ಕೆಲಸ ಕೊಟ್ಟಿದ್ದೆ. ನೀನದನ್ನು ಇನ್ನೂ ಮಾಡಿಲ್ಲ. ಈಗ ಮಾಡು. ಸಿಕ್ಕಿದವರಿಗೆಲ್ಲ ಒಂದೇ ಪ್ರಶ್ನೆ ಕೇಳು. ಹೆತ್ತ ಹೆಂಗಸೊಬ್ಬಳು ತನ್ನ ಮಗುವಿನ ಹತ್ತಿರ ಹೋಗಲು ಹೆದರುತ್ತಾಳೆ, ಅವಳನ್ನು ಮೊದಲು ಏನು ಕೇಳುತ್ತೀರಿ? ಉತ್ತರದಲ್ಲಿ ಅವಳ ಅಮ್ಮ ಬಂದರೆ ಎದ್ದು ಬಾ. ಗಂಡ ಬಂದರೆ ಬಾಗಿಲು ಬಡಿದು ಬಾ. ನನ್ನ ಹೆಸರು ಎಲ್ಲೂ ಹೇಳಬೇಡ.

ಮಿರ್ತಾ


ಬ್ಯುನೊಸ್ ಐರಿಸ್
30 ಡಿಸೆಂಬರ್ 1991

ಮಿರ್ತಾ,

ಕ್ರಿಸ್‌ಮಸ್ ವಾರ, ಬೇಸಿಗೆಯ ಬಿಸಿಲಿಗೆ ಬೀದಿಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಹುಡುಕಿದೆ.

ಇಲ್ಲಿ ಯಾರನ್ನು ಕೇಳಿದರೂ ತಮ್ಮ ಡಾಕ್ಟರನ್ನೇ ಹೇಳುತ್ತಾರೆ. ಪಕ್ಕದ ಮನೆಯವಳು ತನ್ನವರನ್ನು, ಮಾಂಸದಂಗಡಿಯವನು ತನ್ನವರನ್ನು. ಟ್ಯಾಕ್ಸಿಯವನಂತೂ ಸಿಗ್ನಲ್ಲಿನಲ್ಲಿ ಹಿಂದೆ ತಿರುಗಿ "ನಮ್ಮ ಡಾಕ್ಟ್ರಮ್ಮನ ಹತ್ರ ಹೋಗಿ ಮೇಡಂ, ನನಗೆ ಸೇತುವೆ ಭಯ ಹೋಯ್ತು" ಅಂದ. ಅಂದವನು ಸೇತುವೆ ಬಿಟ್ಟು ಸುತ್ತು ದಾರಿಯಲ್ಲಿ ಹೋದ.

ನಿನ್ನ ಪ್ರಶ್ನೆ ಕೇಳಿದೆ. "ಅವಳಿಗೂ ಅವಳಮ್ಮನಿಗೂ ಹೇಗಿತ್ತು ಅಂತ ಕೇಳ್ತೀನಿ" ಎಂದರು ಒಬ್ಬರು. ಎದ್ದೆ. "ಗಂಡನನ್ನ ಕರೆಸ್ತೀನಿ" ಎಂದರು ಇನ್ನೊಬ್ಬರು. ಬಾಗಿಲು ಬಡಿದೆ, ನೀನು ಹೇಳಿದ್ದೆ ಎಂದು. ಒಬ್ಬರು "ನಾನು ಏನೂ ಕೇಳೋಲ್ಲ, ಅವಳೇ ಹೇಳೋ ತನಕ ಕಾಯ್ತೀನಿ" ಎಂದರು. ಮಾರ್ಚಿನವರೆಗೆ ಸಿಗುವುದಿಲ್ಲ ಎಂದು ಎಲ್ಲರೂ ಕೊನೆಗೆ ಸೇರಿಸಿದರು. ಬೇಸಿಗೆ ರಜೆಯ ಫೆಬ್ರವರಿ ಬರುತ್ತಿದೆ, ಸಮುದ್ರ ಕರೆಯುತ್ತಿದೆ. ಈ ಊರಿನಲ್ಲಿ ಹುಚ್ಚು ಹಿಡಿಯುವುದಿದ್ದರೂ ಮಾರ್ಚಿನವರೆಗೆ ತಡೆದುಕೊಳ್ಳಬೇಕು. ಇಷ್ಟು ವರ್ಷ ನಾನೂ ತಡೆದುಕೊಂಡವಳೇ, ಅದು ವಿಚಿತ್ರ ಅನ್ನಿಸಿದ್ದು ಈಗ.

ಕೊನೆಗೆ ಒಂದು ಹೆರಿಗೆ ವಾರ್ಡಿನ ಮೊಗಸಾಲೆಯಲ್ಲಿ ಸುವೆದ್ ಎಂಬ ಮನಶ್ಶಾಸ್ತ್ರಜ್ಞೆ ಸಿಕ್ಕರು. ನಿಂತುಕೊಂಡೇ ಎಂಪನಾಡ ಕಡುಬು ತಿನ್ನುತ್ತಿದ್ದರು. ಕೇಳಿದೆ.

"ಊಟ ಮಾಡಿದೀಯಾ ಅಂತ ಕೇಳ್ತೀನಿ. ಆಮೇಲೆ ಕೊನೇ ಸಲ ಯಾವಾಗ ಮಲಗಿದೆ ಅಂತ. ಆಮೇಲೆ, ಮಗೂಗೆ ನಿನ್ನ ಕೈಯಿಂದ್ಲೇ ಏನೋ ಆಗೋ ಹಾಗೆ ಚಿತ್ರ ಬರುತ್ತಾ ಅಂತ. ಇದೇ ಮಾತಲ್ಲಿ ಕೇಳ್ತೀನಿ, ಸುತ್ತಿ ಬಳಸಿ ಅಲ್ಲ."

"ಇನ್ನೊಂದು ಸಲ ಹೇಳಿ" ಎಂದೆ.

"ಯಾರು? ನೀನಾ?"

"ತಂಗಿ."

"ಯಾವಾಗಿಂದ?"

"ಅಕ್ಟೋಬರಿನಿಂದ."

"ಡಿಸೆಂಬರ್ ಮುಗೀತಿದೆಯಲ್ಲಮ್ಮ. ಇಷ್ಟು ದಿನ ಏನ್ ಮಾಡ್ತಿದ್ದೆ?"

ನಾನು ಕೈಚೀಲದಿಂದ ಪೆನ್ನು ತೆಗೆದೆ. ನಿಮ್ಮೂರಿನಲ್ಲಿ ಎಲ್ಬಾ ಪ್ರಿಚಾರ್ಡ್ ಎಂಬ ಮನೋವೈದ್ಯೆ ಇದ್ದಾಳೆ, ಇಬ್ಬರೂ ಇದೇ ವಾರ್ಡಿನಲ್ಲಿ ಜೊತೆಗೆ ಕೆಲಸ ಮಾಡಿದವರು, ಜನವರಿಯಲ್ಲೂ ಸಿಗುತ್ತಾಳೆ ಎಂದರು. ರಾದಾ ತಿಲ್ಲಿಗೆ ಹೋಗುವ ರಸ್ತೆ, ಟೈರ್ ಅಂಗಡಿಯ ಮಹಡಿ. ನಿನ್ನ ಹೆಸರು ಹೇಳಲಿಲ್ಲ.

ಡಾಕ್ಟರ್ ಲಾರ್ಗಿಯಾ ಹತ್ತಿರವೂ ಹೋದೆ, ವರ್ಷದ ಕೊನೆಯ ಭೇಟಿ. ಗುರುವಾರ ಬೆರೋನ್ ಜೊತೆ ಏನು ಮಾತಾಡಿದಿರಿ ಎಂದು ಕೇಳಿದೆ. "ಇಲ್ಲಿಗೆ ನಿಲ್ಲಿಸೋಣ" ಎಂದರು. ಸಮಯ ಇನ್ನೂ ಅರ್ಧ ಉಳಿದಿತ್ತು. ನಾನು ಏಳಲಿಲ್ಲ, ತಿರುಗಿ ನೋಡಿದೆ. ಇಷ್ಟು ವರ್ಷದಲ್ಲಿ ತಿರುಗಿದ್ದು ಅದೇ ಮೊದಲು. ಷೂ ಬಿಚ್ಚಿ ಕೂತಿದ್ದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಕಾಣುತ್ತಿತ್ತು.

"ಅದು ನಿಮಗೆ ಸಂಬಂಧಿಸಿದ್ದಲ್ಲ" ಎಂದರು.

"ನನ್ನ ತಂಗಿಯ ಮಗು ಡಬ್ಬಿ ಹಾಲು ಕುಡೀತಿದೆ. ಯಾರಿಗೆ ಸಂಬಂಧಿಸಿದ್ದು ಅದು?"

"ಮಾರ್ಚಿನಲ್ಲಿ ಮಾತಾಡೋಣ."

ಇನ್ನು ಅಲ್ಲಿಗೆ ಹೋಗುವುದಿಲ್ಲ ಎಂದು ಬರೆದರೆ ನಿನಗೆ ಸಮಾಧಾನವಾಗುತ್ತದೆ. ಆದರೆ ನಿನಗೆ ಸುಳ್ಳು ಬರೆಯಬಾರದು. ಮಾರ್ಚ್ ಬಂದಾಗ ಗೊತ್ತಾಗುತ್ತದೆ.

ಆಲ್ಸಿರಾ


ಕೊಮೊದೊರೊ ರಿವಾದಾವಿಯಾ
16 ಜನವರಿ 1992

ಆಲ್ಸಿರಾ,

ಗಾಳಿ ಪಶ್ಚಿಮದಿಂದ. ಬಟ್ಟೆ ಒಣಗುವಷ್ಟು, ಹಾರಿಹೋಗುವಷ್ಟಲ್ಲ.

ಹೋದೆ. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು, ಮೇಲೆ ಒಂದು ಕೋಣೆ, ಒಂದು ಪುಟ್ಟ ಅಡುಗೆಮನೆ. ಅವಳು ಬಾಯಿ ತೆರೆಯುವ ಮೊದಲೇ ನಾನು ಕೇಳಿದೆ, "ಗುರುವಾರ ನೀವು ಯಾರಿಗೆ ಫೋನ್ ಮಾಡ್ತೀರಿ?"

"ಗುರುವಾರ ನನಗೆ ರಜಾ. ಬಟ್ಟೆ ಒಗೀತೀನಿ" ಅಂದಳು ಎಲ್ಬಾ. ಮಲಗಲು ಹೇಳಲಿಲ್ಲ. ಎದುರಿಗೆ ಕೂತಳು. ಊಟ ಮಾಡಿದೀಯಾ, ಮಲಗಿದ್ದು ಯಾವಾಗ, ಚಿತ್ರ ಬರುತ್ತಾ. ಮೂರನ್ನೂ ಅದೇ ಮಾತಿನಲ್ಲಿ ಕೇಳಿದಳು.

ಹೇಳಿದೆ. ಅಡುಗೆಮನೆಯಲ್ಲಿ ಕಂಡದ್ದನ್ನು ಪೂರ್ತಿ ಹೇಳಿದೆ. ಅವಳ ಮುಖ ಓಸ್ವಾಲ್ಡೊನ ಮುಖದ ಹಾಗೆ ಆಗಲಿಲ್ಲ.

"ಅದು ಬಂದಾಗ ಏನ್ಮಾಡ್ತೀಯಾ?"

"ಓಡ್ತೀನಿ."

"ಮಗುವಿನ ಕಡೆಗೋ, ಮಗುವಿನಿಂದ ಆಚೆಗೋ?"

"ಆಚೆಗೆ. ಬೀಗ ಹಾಕ್ತೀನಿ."

"ಹೌದಾ. ಹಾಗಾದ್ರೆ ಕೇಳು. ನಿನಗೆ ಅದು ಬೇಕಾಗಿಲ್ಲ, ಅದಕ್ಕೇ ಇಷ್ಟು ಹೆದರ್ತಿದೀಯ. ಇದಕ್ಕೊಂದು ಹೆಸರಿದೆ, ಔಷಧಿ ಇದೆ, ಎದೆಹಾಲು ಕೊಡೋರಿಗೂ ಆಗೋ ಔಷಧಿ. ಇಂಥದ್ದು ಹೇಳ್ಕೊಂಡು ಬಂದೋರಲ್ಲಿ ನೀನು ಮೊದಲನೆಯವಳಲ್ಲ. ಈ ವಾರದಲ್ಲೇ ಮೊದಲನೆಯವಳಲ್ಲ."

ಈ ವಾರದಲ್ಲೇ, ಆಲ್ಸಿರಾ. ಹಾಗಾದರೆ ಈ ಊರಿನಲ್ಲಿ ಎಷ್ಟು ಬಾಗಿಲುಗಳ ಹೊರಗೆ ಎಷ್ಟು ಜನ ಬೀಗದ ಕೈ ಹಿಡಿದು ಕೂತಿದ್ದಾರೆ? ಬೆರೋನ್‌ನ ಹತ್ತಿರ ಹೋಗುತ್ತಿದ್ದ ಬಸ್ಸು ಆ ಟೈರ್ ಅಂಗಡಿಯ ಮುಂದೆಯೇ ಹಾದುಹೋಗುತ್ತದೆ. ಇಷ್ಟು ತಿಂಗಳೂ ಅವಳು ಅಲ್ಲೇ ಮೇಲಿದ್ದಳು. ನಾನು ಕೆಳಗೆ ಕಿಟಕಿಗೆ ತಲೆಯಾನಿಸಿಕೊಂಡು ಹೋಗುತ್ತಿದ್ದೆ. ಸೆಪ್ಟೆಂಬರಿನಲ್ಲಿ ನೀನು ಒಬ್ಬ ಹೆಂಗಸನ್ನು ಕೇಳಿದ್ದರೆ ಸಾಕಿತ್ತು.

ಆಮೇಲೆ ಅವಳ ಕುರ್ಚಿಯಲ್ಲೇ ನಿದ್ದೆಹೋದೆನಂತೆ. ಎಬ್ಬಿಸಲಿಲ್ಲ. ಎಚ್ಚರವಾದಾಗ ಮೈಮೇಲೆ ಶಾಲು ಇತ್ತು. ಅವಳು ನನ್ನ ನಂತರ ಬಂದವಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಮೆಲ್ಲಗೆ ಮಾತಾಡುತ್ತಿದ್ದಳು.

ಓಸ್ವಾಲ್ಡೊ ಜೊತೆ ಮಾತಾಡಲಾ ಎಂದು ನನ್ನನ್ನು ಕೇಳಿದಳು. ನನ್ನನ್ನು ಕೇಳಿದಳು. "ನೀನೂ ಕೂತಿರ್ಬೇಕು, ನೀನಿಲ್ದೆ ನಿನ್ನ ವಿಷಯ ಆಡೋಲ್ಲ" ಅಂದಳು. ಎರಡು ಸಲ ಮಾತಾಡಿದಳು. ಎರಡನೆಯ ಸಲ ಓಸ್ವಾಲ್ಡೊ ಅತ್ತ. ಸಾಂತಾ ರೋಸಾದ ಮಾತು ನಿಂತಿತು. ಲುಸಿಲಾ ಮನೆಗೆ ಬಂದಿದ್ದಾಳೆ. ನಾನು ಮಾತ್ರೆ ನುಂಗುತ್ತಿದ್ದೇನೆ, ಸ್ವಲ್ಪ ಮಲಗುತ್ತಿದ್ದೇನೆ. ಚಿತ್ರ ಇನ್ನೂ ಬರುತ್ತದೆ. ಬಂದರೆ ಓಡದೆ ನಿಂತಿರುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಬ್ರೆಡ್ಡಿನ ಚಾಕು ವಾಪಸು ಬಂದಿದೆ, ಉಳಿದವು ಇನ್ನೂ ಕೊಟ್ಟಿಗೆಯಲ್ಲೇ.

ಆದರೆ ಲುಸಿಲಾ ಎದೆ ಕಚ್ಚುವುದಿಲ್ಲ. ಡಬ್ಬಿ ಹಾಲು ರೂಢಿಯಾಗಿದೆ. ಹತ್ತಿರ ಹಿಡಿದರೆ ಮುಖ ತಿರುಗಿಸುತ್ತಾಳೆ. ಇದು ನಿನ್ನ ಡಾಕ್ಟರು, ಅವರ ಶಿಷ್ಯ, ನೀನು, ಮೂವರೂ ಸೇರಿ ಕೊಟ್ಟದ್ದು. ಇದನ್ನು ನಾನು ಕ್ಷಮಿಸುವುದಿಲ್ಲ. ಮೊನ್ನೆ ಎಲ್ಬಾ "ಸಿಟ್ಟು ಯಾರ ಮೇಲೆ?" ಅಂತ ಕೇಳಿದಳು. ಒಬ್ಬೊಬ್ಬರನ್ನಾಗಿ ಹೇಳಿದೆ. ಅದರ ಹಿಂದೆ ಇನ್ನೇನೋ ಇದೆ ಅಂತಾಳೇನೋ ಎಂದು ಕಾದೆ.

"ಸರಿಯಾಗೇ ಇದೆ" ಅಂದಳು.

ಫೆಬ್ರವರಿಯಲ್ಲಿ ಬಾ. ನಿನಗೆ ಶಾಲೆ ಇರುವುದಿಲ್ಲ. ನಿಮ್ಮ ಡಾಕ್ಟರುಗಳೆಲ್ಲ ಸಮುದ್ರದ ದಂಡೆಯಲ್ಲಿ ಷೂ ಬಿಚ್ಚಿ ಕೂತಿರುತ್ತಾರೆ. ಆ ಮಧ್ಯಾಹ್ನ ನನಗೆ ಕಂಡದ್ದು ಏನು ಎಂದು ನಿನಗೆ ಬಾಯಲ್ಲಿ ಹೇಳುತ್ತೇನೆ. ನೀನು ನಿನ್ನದನ್ನು ಹೇಳು, ನನಗೆ ಒಂದು ಸಲವೂ ಹೇಳದೇ ಇದ್ದದ್ದನ್ನು. ಕೇಳಿದ್ದನ್ನು ಹೊತ್ತುಕೊಂಡು ಹೋಗಿ ಒಪ್ಪಿಸಲು ನಿನಗೆ ಒಂದು ತಿಂಗಳು ಯಾರೂ ಸಿಗುವುದಿಲ್ಲ. ಬರುವಾಗ ನನ್ನ ಪತ್ರಗಳನ್ನು ತಾ. ಒಂದನ್ನೂ ಬಿಡದೆ.

ನೀನು ಬಸ್ಸಿಳಿದು ಬಂದ ಕೂಡಲೇ ಲುಸಿಲಾಳನ್ನು ನಿನ್ನ ಕೈಗೆ ಕೊಟ್ಟು, ಒಳಗೆ ಹೋಗಿ ಬೀಗ ಹಾಕಿಕೊಂಡು ಮಲಗುತ್ತೇನೆ. ಈ ಸಲ ಬಾಗಿಲ ಒಳಗೆ ಇರುವವಳು ನಾನು. ನಾನಾಗಿ ಏಳುವ ತನಕ ಎಬ್ಬಿಸಬೇಡ, ಅಕ್ಕ.

ಮಿರ್ತಾ